ಗಣಕಕ್ಕೆ ಹೇಳುವ ಮಾತು

ಗಣಕಯಂತ್ರವು ಅತಿ ವೇಗವಾಗಿ ಲೆಕ್ಕ ಮಾಡಬಲ್ಲದು. ಆದರೆ ನಮ್ಮ ಮನದ ಇಂಗಿತವನ್ನು ಅರಿಯಲಾರದು. ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ಅದಕ್ಕೆ ತಿಳಿಸಬೇಕು. ಇಂತಹ ಆದೇಶಗಳ ಸರಣಿಗೆ ಪ್ರೋಗ್ರಾಂ ಎಂದು ಹೆಸರು. ಅದನ್ನು ಬರೆಯುವ ಭಾಷೆಗಳಲ್ಲಿ ಜಾವಾ ಒಂದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ ಈ ಭಾಷೆಯು 1995ರಲ್ಲಿ ಲೋಕಕ್ಕೆ ಪರಿಚಯವಾಯಿತು. ನಾವು ಬರೆದುದನ್ನು ಕಂಪೈಲರು ಬೈಟ್‌ಕೋಡ್ ಎಂಬ ರೂಪಕ್ಕೆ ಮಾರ್ಪಡಿಸುತ್ತದೆ. ಜಾವಾ ವರ್ಚುವಲ್ ಮೆಷಿನ್ ಇರುವ ಗಣಕಗಳಲ್ಲೆಲ್ಲ ಆ ರೂಪವು ನಡೆಯಬಲ್ಲದು.

ವಿಜಯಪುರದ ಸುತ್ತಲಿನ ತಿಕೋಟಾ, ಬಬಲೇಶ್ವರ ಸೀಮೆಯ ದ್ರಾಕ್ಷಿ ತೋಟಗಳನ್ನು ನೆನೆಯಿರಿ. ರೈತನೊಬ್ಬನು 40 ಪೆಟ್ಟಿಗೆ ಒಣದ್ರಾಕ್ಷಿಯನ್ನು ತೂಗಬೇಕಾಗಿದೆ ಎಂದಿಟ್ಟುಕೊಳ್ಳೋಣ. ತೂಕವನ್ನು ನೆನಪಿಡಲು ಗಣಕದಲ್ಲಿ ಒಂದು ಹೆಸರಿನ ಸ್ಥಳ ಬೇಕು; ಅದೇ ಚರ. ತೂಕವು 15 ಕಿಲೋಗಿಂತ ಕಡಿಮೆಯಾದರೆ ಪೆಟ್ಟಿಗೆಯನ್ನು ಬದಿಗಿಡು, ಇಲ್ಲವಾದರೆ ಮುಚ್ಚು ಎಂಬ ನಿರ್ಣಯವನ್ನು 'ಇಫ್', 'ಎಲ್ಸ್' ಪದಗಳು ಹೇಳುತ್ತವೆ. ಇದನ್ನೇ 40 ಸಲ ಮಾಡಿಸುವುದು 'ಫಾರ್' ಎಂಬ ಆವರ್ತನ. ಸರಳ ಆದೇಶದ ಕೊನೆಗೆ ಅರ್ಧವಿರಾಮ ಚಿಹ್ನೆ ಇರಲೇಬೇಕು. ಒಂದು ಸಮಚಿಹ್ನೆಯು ಬೆಲೆಯನ್ನು ಚರದಲ್ಲಿರಿಸುತ್ತದೆ. ಜೋಡಿ ಸಮಚಿಹ್ನೆಯು ಎರಡು ಬೆಲೆಗಳು ಸಮವೇ ಎಂದು ಕೇಳುತ್ತದೆ.

ಚರದ ಜಾತಿಯೂ ಮೊದಲೇ ನಿರ್ಧಾರವಾಗಿರಬೇಕು. 'ಇಂಟ್' ಪೂರ್ಣಾಂಕಗಳಿಗೆ ಮೀಸಲು. 'ಡಬಲ್' ದಶಮಾಂಶಗಳನ್ನೂ ಹಿಡಿಯುತ್ತದೆ. 31 ಕಿಲೋ ಹಣ್ಣನ್ನು ಇಬ್ಬರಿಗೆ ಸಮನಾಗಿ ಹಂಚುವಾಗ ಎರಡೂ ಸಂಖ್ಯೆಗಳು 'ಇಂಟ್' ಆಗಿದ್ದರೆ, ಜಾವಾ ಕೊಡುವ ಉತ್ತರ 15 ಮಾತ್ರ. ಉಳಿದ ಅರ್ಧ ಕಿಲೋ ಸದ್ದಿಲ್ಲದೆ ಮಾಯವಾಗುತ್ತದೆ. ಗಣಕವು ತಪ್ಪೆಂದು ಸೂಚಿಸುವುದಿಲ್ಲ. ಏಕೆಂದರೆ ನಿಯಮದಂತೆ ಅದು ಮಾಡಿದುದು ಸರಿಯೇ. ಇಬ್ಬರ ಪಾಲಿನಿಂದ ಸೇರಿ ಒಂದು ಕಿಲೋ ನಷ್ಟವಾದರೂ ಯಂತ್ರಕ್ಕೆ ವ್ಯಥೆಯಿಲ್ಲ. ತೂಕವನ್ನು 'ಡಬಲ್' ಎಂದು ಘೋಷಿಸಿದ್ದರೆ ಉತ್ತರವು 15.5 ಬರುತ್ತಿತ್ತು. ಆದ್ದರಿಂದ ನ್ಯಾಯದ ಹೊಣೆ ಬರೆಯುವವನದು.

ಈ ಭಾಷೆಯ ಮೀಸಲು ಪದಗಳು ಇಂಗ್ಲಿಷಿನವು. ಅವು ಕೆಲವೇ ಹತ್ತುಗಳಷ್ಟು. ಆದರೆ ಚರಗಳಿಗೆ 'ತೂಕ', 'ಬೆಲೆ' ಎಂದು ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಜಾವಾ ಅನುಮತಿ ನೀಡುತ್ತದೆ. ಇಂಗ್ಲಿಷ್ ಬಾರದೆಂದು ಹಳ್ಳಿಯ ವಿದ್ಯಾರ್ಥಿಯು ಹಿಂಜರಿಯಬೇಕಾಗಿಲ್ಲ. ಕ್ರಮವರಿತ ಆಲೋಚನೆಯೇ ಇಲ್ಲಿನ ಮೊದಲ ಅರ್ಹತೆ. ಅದಕ್ಕೆ ಯಾವ ತಾಯ್ನುಡಿಯಾದರೂ ಸಾಕು.