ಜೀಪಿನ ಮೀಟರ್ ಕೇಬಲ್: ಹೊಸದು ಹಾಕುವ ಮುಂಚೆ

ನನ್ನ ಹಳೇ ಜೀಪಿನ ಸ್ಪೀಡೋಮೀಟರ್ ಕೇಬಲ್ ತುಂಡಾಯ್ತು. ಹೊಸದು ಹಾಕಿದೆ, ಎಂಟೇ ದಿನಕ್ಕೆ ಅದೂ ಹೋಯ್ತು. ತಪ್ಪು ನನ್ನದೇ, ಮೀಟರ್ ಬಿಗಿಯಾಗಿದೆಯೋ ಅಂತ ನೋಡಿರಲಿಲ್ಲ. ಹೊಲದ ದಾರೀಲಿ ಸ್ಪೀಡು ಗೊತ್ತಾಗದಿದ್ದರೂ ನಡೆಯುತ್ತೆ. ಕಿಲೋಮೀಟರ್ ಲೆಕ್ಕವೇ ಇಲ್ಲದಿದ್ದರೆ ಎಂಜಿನ್ ಆಯಿಲ್ ಬದಲಿಸುವುದು ಯಾವಾಗ?

ಗಾಲಿಗೆ ಕಲ್ಲು ಕೊಟ್ಟು ಕೆಳಗೆ ನುಗ್ಗಿ. ಕೇಬಲಿನ ಒಂದು ತುದಿ ಟ್ರಾನ್ಸ್‌ಫರ್ ಕೇಸಿಗೆ, ಇನ್ನೊಂದು ಮೀಟರಿನ ಬೆನ್ನಿಗೆ. ಎರಡೂ ನಟ್ಟು ಬಿಚ್ಚಿ. ಮುರಿದ ಒಳತಂತಿಯ ಚೌಕ ತುದಿಯನ್ನು ಮೀಟರಿಗೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ. ಬಿಗಿ ಬಂದರೆ ಮೊದಲು ಮೀಟರ್ ರಿಪೇರಿ, ಇಲ್ಲದಿದ್ದರೆ ಹೊಸ ಕೇಬಲೂ ದಂಡ. ನನ್ನದರಲ್ಲಿ ಧೂಳು, ಹಳೇ ಗ್ರೀಸು ಸೇರಿ ಗಟ್ಟಿಯಾಗಿತ್ತು.

ಹೊಸ ಒಳತಂತಿಗೆ ಗ್ರೀಸು ತೆಳ್ಳಗೆ ಸವರಿ. ಮೀಟರ್ ಕಡೆ ಒಂದು ಗೇಣು ಬಿಡಿ, ಗ್ರೀಸು ಮೇಲೇರುತ್ತೆ. ಕೇಬಲ್ ಎಲ್ಲೂ ಮಡಚಬಾರದು, ಸೈಲೆನ್ಸರಿಗೆ ತಾಗಬಾರದು. ಚೌಕ ತುದಿ ಸರಿಯಾಗಿ ಕೂತ ಮೇಲೆ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ.