ಎರಡನೇ ಕಾರಿನ ಕೀ ಯಾರ ಕೈಗೆ?

ಎರಡನೇ ಮಗು ಬರ್ತಿದೆ, ಎರಡನೇ ಕಾರೂ ಬೇಕು ಅಂತೀಯ. ಸಂತೋಷ ಕಣೋ. ಆದರೆ ಮಗುವಿಗೆ ಒಂಬತ್ತು ತಿಂಗಳು ಕಾಯೋನು ಕಾರಿಗೆ ಒಂಬತ್ತು ದಿನ ಕಾಯಲ್ಲ ಅಂದ್ರೆ ಹೇಗೆ? ಆಗಲೇ ಫೋನಿನ ತುಂಬ ವಿಡಿಯೋ. ಸನ್‌ರೂಫ್ ಇದೆಯಾ, ಸ್ಕ್ರೀನ್ ಎಷ್ಟು ಇಂಚು, ಅಲಾಯ್ ವೀಲ್ ಬರುತ್ತಾ. ಬುದ್ಧಿವಂತ ನೀನು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋ ಗಾದೆ ಹುಟ್ಟಿದ್ದು ದಡ್ಡರನ್ನ ನೋಡಿ ಅಲ್ಲ.

ಬ್ಯಾಂಕಿನಲ್ಲಿ ವಾಹನ ಸಾಲದ ಅರ್ಜಿ ನೋಡಿ ನೋಡಿಯೇ ನನ್ನ ತಲೆ ಹಣ್ಣಾಗಿದ್ದು. ಮೊದಲ ಕಾರಿನ ಸಾಲಕ್ಕೆ ಗಂಡ ಹೆಂಡತಿ ಇಬ್ಬರೂ ಬರೋರು, ಜೊತೆಗೆ ಅಪ್ಪ ಅಮ್ಮನೂ. ಎರಡನೇದಕ್ಕೆ ಗಂಡ ಒಬ್ಬನೇ. ಕಾರು ಯಾರಿಗಪ್ಪಾ ಅಂತ ಕೇಳಿದ್ರೆ, ‘ಮನೆಯೋಳಿಗೆ ಮೇಡಂ’ ಅನ್ನೋನು. ಅವಳು ನೋಡಿದ್ದಾಳಾ? ‘ಸರ್ಪ್ರೈಸ್ ಮೇಡಂ!’ ಚಪ್ಪಲಿ ಅಂಗಡಿಗೆ ಹೋಗಿ ಇನ್ನೊಬ್ಬರ ಕಾಲಿಗೆ ನಿನ್ನ ಕಾಲಿನ ಅಳತೆ ಕೊಟ್ಟು ಬರ್ತೀಯಾ?

ಮೊದಲು ಒಂದು ಹಾಳೆ ತಗೋ. ಸೋಮವಾರದಿಂದ ಶನಿವಾರದವರೆಗೆ ಈ ಕಾರು ಎಲ್ಲೆಲ್ಲಿಗೆ ಹೋಗುತ್ತೆ, ಯಾರು ಓಡಿಸ್ತಾರೆ, ಯಾರು ಕೂರ್ತಾರೆ, ಬರಿ. ದೊಡ್ಡವಳ ಸ್ಕೂಲು, ಚಿಕ್ಕದರ ಚುಚ್ಚುಮದ್ದು, ನಿಮ್ಮಪ್ಪನ ಶುಗರ್ ಚೆಕಪ್, ತರಕಾರಿ, ಡಾನ್ಸ್ ಕ್ಲಾಸು. ಎಲ್ಲ ಸೇರಿಸಿದ್ರೂ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ದಾಟಲ್ಲ. ಧರ್ಮಸ್ಥಳಕ್ಕೆ ಹೋಗೋಕೆ, ಶಿರಾಡಿ ಘಾಟಿ ಹತ್ತೋಕೆ ದೊಡ್ಡ ಗಾಡಿ ಮನೇಲೇ ನಿಂತಿದೆಯಲ್ಲ. ಇದಕ್ಕೂ ಅದೇ ಪಿಕಪ್ಪು, ಅದೇ ಸ್ಕ್ರೀನು ಯಾಕಯ್ಯಾ? ಹಾಳೆ ಅರ್ಧಕ್ಕರ್ಧ ಖಾಲಿ ಉಳಿದ್ರೆ ಒಂದು ತಿಂಗಳು ಆಟೋದಲ್ಲಿ ಓಡಾಡಿ ಖರ್ಚು ಬರೆದಿಡಿ. ಆ ಮೊತ್ತ ಕಂತಿಗಿಂತ ಕಮ್ಮಿ ಬಂದ್ರೆ ಈ ಲೇಖನ ಮಡಚಿಟ್ಟು ಮಲಗು.

ಇಲ್ಲ, ಬೇಕೇ ಬೇಕು ಅಂತ ಹಾಳೆಯೇ ಹೇಳಿತು ಅನ್ನು. ಹಾಗಾದ್ರೆ ಟೆಸ್ಟ್ ಡ್ರೈವಿಗೆ ನಿನ್ನ ಹೆಂಡತೀನ ಕೂರಿಸು. ನೀನು ಹಿಂದೆ ಕೂತು ಬಾಯಿ ಮುಚ್ಕೊಂಡಿರು. ಶೋರೂಮಿನ ಹುಡುಗ ರಿಂಗ್ ರೋಡಿನ ನೆಟ್ಟಗಿನ ದಾರೀಲಿ ಒಂದು ಸುತ್ತು ಹೊಡೆಸಿ ವಾಪಸ್ ಕರ್ಕೊಂಡು ಬರ್ತಾನೆ. ಬಿಡಬೇಡ. ನಿಮ್ಮ ಅಪಾರ್ಟ್‌ಮೆಂಟಿಗೇ ತರಿಸು. ಬೇಸ್‌ಮೆಂಟಿನ ರ‍್ಯಾಂಪ್ ಅರ್ಧ ಹತ್ತಿ ನಿಲ್ಲಿಸಿ, ಮತ್ತೆ ಹೊರಡಿಸಬೇಕು. ಎಎಂಟಿ ಗಾಡಿಯಾದ್ರೆ ಕ್ಲಚ್ ತುಳಿಯೋ ಕಷ್ಟ ಇಲ್ಲ ನಿಜ, ಸಿಲ್ಕ್ ಬೋರ್ಡಿನಲ್ಲಿ ನಿಂತ ಕಾಲಿಗೆ ಅದು ದೊಡ್ಡ ಉಪಕಾರ. ಆದರೆ ಹಿಲ್ ಹೋಲ್ಡ್ ಇಲ್ಲದ ಎಎಂಟಿ ಬ್ರೇಕ್ ಬಿಟ್ಟ ಕ್ಷಣ ಒಂದಿಷ್ಟು ಹಿಂದಕ್ಕೆ ಜಾರುತ್ತೆ. ಹಿಂದೆ ಪಕ್ಕದ ಮನೆಯೋರ ಹೊಸ ಗಾಡಿ ನಿಂತಿರುತ್ತೆ! ಆಮೇಲೆ ನಿಮ್ಮ ಸ್ಲಾಟಿನಲ್ಲಿ, ಆ ಎರಡು ಕಂಬದ ಮಧ್ಯೆ, ಅವಳೇ ರಿವರ್ಸ್ ಹಾಕಲಿ. ಸೀಟು ಎತ್ತರಿಸೋಕೆ ಬರುತ್ತಾ, ಕೂತರೆ ಬಾನೆಟ್ಟಿನ ತುದಿ ಕಾಣುತ್ತಾ, ನಿಲ್ಲಿಸಿದ ಮೇಲೆ ಬಾಗಿಲು ಪೂರ್ತಿ ತೆಗೆದು ಕಂಕುಳಲ್ಲಿ ಮಗು ಇಟ್ಕೊಂಡು ಇಳಿಯೋಕಾಗುತ್ತಾ? ಈ ಮೂರಕ್ಕೆ ಉತ್ತರ ಯಾವ ವಿಡಿಯೋದಲ್ಲೂ ಸಿಗಲ್ಲ.

ಹಿಂದಿನ ಸೀಟಿನ ಪರೀಕ್ಷೆಗೆ ನನ್ನಂಥ ಮಂಡಿ ನೋವಿನೋರನ್ನ ಕರ್ಕೊಂಡು ಹೋಗು. ಆಲ್ಟೋ ಕೆ10 ಎತ್ತರ 1,520 ಮಿಲಿಮೀಟರು, ವ್ಯಾಗನಾರ್ 1,675. ಆರು ಇಂಚಿನ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ. ಒಂದರೊಳಗೆ ಕುಕ್ಕರುಗಾಲಲ್ಲಿ ತೂರಬೇಕು, ಇನ್ನೊಂದರೊಳಗೆ ಕುರ್ಚಿಗೆ ಕೂತ ಹಾಗೆ ಕೂರಬಹುದು. ವ್ಯಾಗನಾರ್ ನೋಡೋಕೆ ಚೆಂದ ಇಲ್ಲ ಅಂತ 1999ರಲ್ಲಿ ಅದು ಬಂದಾಗಿಂದ ಜನ ಆಡ್ಕೋತಾನೇ ಇದ್ದಾರೆ, ಕೊಳ್ತಾನೂ ಇದ್ದಾರೆ. ಮನೇಲಿ ಮುದುಕರು ಇರೋವರೆಗೆ ಅದು ಓಡುತ್ತೆ ಬಿಡು. ಡಿಕ್ಕಿ ಲೆಕ್ಕವೂ ಅಷ್ಟೆ. ಆಲ್ಟೋದಲ್ಲಿ 214 ಲೀಟರು, ಟಿಯಾಗೋದಲ್ಲಿ 242, ವ್ಯಾಗನಾರಿನಲ್ಲಿ 341. ಲೀಟರು ನನಗೂ ಅರ್ಥ ಆಗಲ್ಲ. ಮಡಚಿದ ಸ್ಟ್ರೋಲರ್ ತಗೊಂಡು ಹೋಗಿ ಇಟ್ಟು ನೋಡು, ಮೇಲೊಂದು ತರಕಾರಿ ಚೀಲ ಹಿಡಿಯಬೇಕು.

ಈಗ ಮಗುವಿನ ಸೀಟು. ಇಲ್ಲಿ ತಮಾಷೆ ಇಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಮೇಲೆ ನಮ್ಮ ಮೈಸೂರಿನಲ್ಲಿ ಆ ಪುಟ್ಟ ಗಾಡಿಯೊಳಗೆ ಅಮ್ಮ, ಅತ್ತೆ, ಮಕ್ಕಳು, ಮಕ್ಕಳ ಮೇಲೆ ಮಕ್ಕಳು ಕೂತು ಚಾಮುಂಡಿ ಬೆಟ್ಟ ಹತ್ತಿದ್ದುಂಟು. ‘ನಮಗೇನಾಯ್ತು ಆಗ?’ ಅಂತ ನಿಮ್ಮತ್ತೆ ಕೇಳೇ ಕೇಳ್ತಾರೆ. ನಗ್ತಾ ತಲೆಯಾಡಿಸಿ, ಸೀಟು ಮಾತ್ರ ತಪ್ಪದೆ ಹಾಕಿಸು. ಡಿಕ್ಕಿ ಹೊಡೆದಾಗ ಮಡಿಲಲ್ಲಿರೋ ಮಗೂನ ಯಾವ ತಾಯಿ ತೋಳೂ ಹಿಡಿದಿಟ್ಟುಕೊಳ್ಳೋಕಾಗಲ್ಲ. ಹಾಲುಗೂಸಿನ ಸೀಟು ಹಿಂದಿನ ಸಾಲಲ್ಲೇ ಇರಬೇಕು, ಮುಖ ಹಿಂದಕ್ಕೆ. ಏರ್‌ಬ್ಯಾಗ್ ಇರೋ ಮುಂದಿನ ಸೀಟಿನಲ್ಲಿ ಅದನ್ನ ಇಡೋದು ಇನ್ನೂ ದೊಡ್ಡ ಅಪಾಯ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ರೆ 1,000 ರೂಪಾಯಿ ದಂಡ ಅಂತ 2019ರ ತಿದ್ದುಪಡಿ ಕಾಯ್ದೆಯೇ ಹೇಳುತ್ತೆ. ಹಿಡಿಯೋರು ಕಮ್ಮಿ, ಅದು ಬೇರೆ ಮಾತು. ಮಕ್ಕಳ ಸೀಟು ಸಿಕ್ಕಿಸೋ ಐಸೋಫಿಕ್ಸ್ ಕೊಂಡಿ ಸೀಟಿನ ಸಂದಿಯಲ್ಲಿರುತ್ತೆ, ಬೆರಳು ತೂರಿಸಿ ನೋಡು. ಎರಡು ಮಕ್ಕಳ ಸೀಟು ಹಾಕಿ ಮಧ್ಯೆ ಅಜ್ಜೀನ ಕೂರಿಸ್ತೀನಿ ಅಂತ ಕನಸು ಕಂಡಿದ್ರೆ ಬಿಟ್ಟುಬಿಡು. ಸಣ್ಣ ಕಾರಿನಲ್ಲಿ ಅದು ಆಗೋ ಮಾತಲ್ಲ. ಅಜ್ಜಿ ಮುಂದೆ, ಬೆಲ್ಟ್ ಹಾಕ್ಕೊಂಡು.

ಸಣ್ಣ ಕಾರು ಅಂದ್ರೆ ತಗಡಿನ ಡಬ್ಬ ಅನ್ನೋ ಮಾತು ಸುಮ್ಮನೆ ಬಂದದ್ದಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನೋರು ನಮ್ಮ ದೇಶದ ಐದು ಸಣ್ಣ ಕಾರುಗಳನ್ನ ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ನಕ್ಷತ್ರ. 2020ರಲ್ಲಿ ಟಿಯಾಗೋ ನಾಲ್ಕು ನಕ್ಷತ್ರ ತಂತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. 2025ರಲ್ಲಿ ಆಲ್ಟೋ ಕೆ10, ಸೆಲೆರಿಯೋಗಳ ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಬಂದವು. ಆದರೆ ಏರ್‌ಬ್ಯಾಗ್ ಎಣಿಸಿ ಸಮಾಧಾನ ಪಡಬೇಡ. ಗಾಡಿಯ ದೇಹ ಗಟ್ಟಿ ಇದೆಯಾ ಅನ್ನೋದು ಗುದ್ದಿಸಿ ನೋಡಿದ ಮೇಲೇ ಗೊತ್ತಾಗೋದು. ನಕ್ಷತ್ರ ಎಷ್ಟು, ಯಾವ ವರ್ಷದ ಪರೀಕ್ಷೆ, ಎರಡನ್ನೂ ಕೇಳು.

ಹೊಸದೋ ಹಳೇದೋ? ನನ್ನನ್ನ ಕೇಳಿದ್ರೆ ಎರಡನೇ ಕಾರು ಮೂರು ನಾಲ್ಕು ವರ್ಷದ್ದಿರಲಿ. ವಿಮೆಯೋರ ಲೆಕ್ಕದಲ್ಲೇ ಐದನೇ ವರ್ಷ ಮುಗಿಯೋ ಹೊತ್ತಿಗೆ ಗಾಡಿಯ ಬೆಲೆ ಅರ್ಧಕ್ಕೆ ಇಳಿದಿರುತ್ತೆ. ಆ ನಷ್ಟದ ದೊಡ್ಡ ಪಾಲು ಬೇರೆ ಯಾರೋ ತಿಂದಿರ್ತಾರೆ, ಪಾಪ. ಕರ್ನಾಟಕದಲ್ಲಿ ಹೊಸ ಗಾಡಿಗೆ ಐದು ಲಕ್ಷದೊಳಗೆ ಶೇ. 13, ಐದರಿಂದ ಹತ್ತು ಲಕ್ಷಕ್ಕೆ ಶೇ. 14 ಆಜೀವ ತೆರಿಗೆ, ಅದರ ಮೇಲೆ ಸೆಸ್ಸು. ಇಲ್ಲಿಯದೇ ನೋಂದಣಿಯ ಹಳೇ ಗಾಡಿಗೆ ಅದು ಕಟ್ಟಿ ಆಗಿರುತ್ತೆ. ದೆಹಲಿ ಗಾಡಿ ಅಗ್ಗಕ್ಕೆ ಬರ್ತಿದೆ ಅಂತ ಯಾರಾದ್ರೂ ಆಸೆ ಹುಟ್ಟಿಸಿದ್ರೆ, ಎನ್‌ಒಸಿ ತರೋ ಓಡಾಟ, ಇಲ್ಲಿ ಮತ್ತೆ ಕಟ್ಟಬೇಕಾದ ತೆರಿಗೆ ಸೇರಿಸಿ ಕೂಡು. ಆಸೆ ತಾನಾಗೇ ಇಳಿಯುತ್ತೆ.

ಇನ್ನೊಂದು ಸೂಕ್ಷ್ಮ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಬಂತು. ಹೊಸದರ ಬೆಲೆ ಇಳಿದ ಮೇಲೂ ಹಳೇ ಕಾರಿನೋರು ಹಳೇ ರೇಟನ್ನೇ ಹಿಡ್ಕೊಂಡು ಕೂತಿರ್ತಾರೆ. ಹೊಸದರ ಆನ್ ರೋಡ್ ಬೆಲೆ ಜೇಬಲ್ಲಿಟ್ಟುಕೊಂಡೇ ಚೌಕಾಸಿಗೆ ಇಳಿ. ವ್ಯತ್ಯಾಸ ಒಂದು ಲಕ್ಷದಷ್ಟೇ ಇದ್ರೆ ಹೊಸದೇ ವಾಸಿ.

ಹಳೇದು ಅಂತ ತೀರ್ಮಾನ ಆದ್ರೆ 2022ರ ಜನವರಿ ಆದಮೇಲೆ ತಯಾರಾದದ್ದು ಹುಡುಕು. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯ ಆದದ್ದು ಆಗ. ಅದಕ್ಕೂ ಹಿಂದಿನ ಕಡಿಮೆ ಬೆಲೆಯ ಮಾದರಿಗಳಲ್ಲಿ ಓಡಿಸೋರಿಗೆ ಮಾತ್ರ ಇರೋದುಂಟು. ನೋಡೋಕೆ ಬೆಳಗ್ಗೆ ಹೋಗು, ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ. ಹೋದ ತಕ್ಷಣ ನಮಸ್ಕಾರ ಹೇಳ್ತಾನೇ ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ರೆ ನೀನು ಬರೋ ಮುಂಚೆ ಎಂಜಿನ್ ಓಡಿಸಿಟ್ಟಿದ್ದಾರೆ ಅಂತ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆಗೋ ರೀತೀಲೇ ಅರ್ಧ ಜಾತಕ ತಿಳಿಯುತ್ತೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತೆ: 2322 ಅಂದ್ರೆ 2022ರ ಇಪ್ಪತ್ಮೂರನೇ ವಾರ ತಯಾರಾದದ್ದು. ಓಡಿರೋದು ಬರೀ ಹದಿನೈದು ಸಾವಿರ ಅಂತ ಮೀಟರ್ ತೋರಿಸ್ತಿದೆ, ನಾಲ್ಕು ಟೈರೂ ಹೊಸವು ಅಂದ್ರೆ ಯಾಕಪ್ಪಾ ಅಂತ ಕೇಳು.

ಬೆಂಗಳೂರಿನ ಗಾಡಿಗೆ ಇನ್ನೊಂದು ಪರೀಕ್ಷೆ ಇದೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರಿನ ಕಡೆ ಕಾರುಗಳು ಮುಳುಗಿ ನಿಂತದ್ದು ನೆನಪಿದೆಯಲ್ಲ? ಮುಳುಗಿದ ಗಾಡಿ ತೊಳೆದು ಸೆಂಟು ಹೊಡೆದ್ರೆ ಮದುಮಗನ ಹಾಗೆ ಕಾಣುತ್ತೆ. ನೀನು ಹಿಂದಿನ ಸೀಟ್ ಬೆಲ್ಟನ್ನ ಕೊನೇ ತುದಿವರೆಗೂ ಎಳಿ. ಯಾರೂ ಬಳಸದ, ಯಾರೂ ತೊಳೆಯದ ಆ ಕೊನೇ ಮೊಳದಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತೆ. ಸೀಟಿನ ಕೆಳಗಿನ ಬೋಲ್ಟಿಗೆ ತುಕ್ಕು ಹಿಡಿದಿದೆಯಾ, ಮ್ಯಾಟ್ ಎತ್ತಿದ್ರೆ ಮುಗ್ಗುಲು ವಾಸನೆ ಬರುತ್ತಾ ನೋಡು. ಬಂದ್ರೆ ಕಾಫಿಗೂ ನಿಲ್ಲಬೇಡ.

ಕಾಗದದ ವಿಷಯ ನನ್ನ ಕಸುಬು, ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ರೆ ಸಾಲ ತೀರಿದ ಎನ್‌ಒಸಿ ಮತ್ತೆ ಫಾರಂ 35 ಇಲ್ಲದೆ ಮುಂಗಡ ಕೊಡಬೇಡ. ವರ್ಗಾವಣೆಗೆ ಫಾರಂ 29, 30. ಬಾಕಿ ದಂಡ ಎಷ್ಟಿದೆ ಅಂತ ಗಾಡಿ ನಂಬರ್ ಹಾಕಿ ನೋಡು. ಸಿಗ್ನಲ್ ಹಾರಿದ್ದು ಅವನು, ನೋಟಿಸು ನಿನಗೆ ಬರಬಾರದು. ವಿಮೆಯೂ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಆಗಬೇಕು.

ಸಾಲದ ಮಾತಿಗೆ ಬರೋಣ. ಐದು ಲಕ್ಷಕ್ಕೆ ಶೇ. 9ರ ಬಡ್ಡಿ ಅಂತಿಟ್ಕೋ. ಐದು ವರ್ಷಕ್ಕೆ ಕಂತು ಸುಮಾರು 10,380 ರೂಪಾಯಿ. ಏಳು ವರ್ಷಕ್ಕೆ 8,045. ‘ಎರಡು ಸಾವಿರ ಉಳೀತು’ ಅಂತ ಹಿಗ್ಗಿ ಏಳಕ್ಕೇ ಸೈನ್ ಹಾಕೋರನ್ನ ಕಣ್ಣಾರೆ ಕಂಡಿದ್ದೀನಿ. ಉಳಿಯಲ್ಲ ಮಗಾ, ಬಡ್ಡಿ 53,000 ಜಾಸ್ತಿ ಹೋಗುತ್ತೆ. ಅದೂ ಅರ್ಧ ಬೆಲೆಗೆ ಇಳಿದ ಗಾಡಿಗೆ ಕೊನೇ ಎರಡು ವರ್ಷ ಪೂರ್ತಿ ಕಂತು ಕಟ್ಟಬೇಕು, ಚಿಕ್ಕದರ ಸ್ಕೂಲ್ ಫೀಸು ಶುರುವಾದ ಹೊತ್ತಲ್ಲಿ. ಶೋರೂಮಿನೋರು ಬರೆದುಕೊಡೋ ಚೀಟೀಲಿ ಟೆಫ್ಲಾನ್ ಕೋಟಿಂಗು, ಹ್ಯಾಂಡ್ಲಿಂಗ್ ಚಾರ್ಜು ಅಂತಿದ್ರೆ ಪೆನ್ ತಗೊಂಡು ಹೊಡೆದುಹಾಕು. ವಿಮೆ ಹೊರಗೆ ವಿಚಾರಿಸು. ಮುಖ ಗಂಟಿಕ್ಕಿಕೊಳ್ತಾರೆ, ಗಾಡಿ ಕೊಡ್ತಾರೆ.

ಸಿಎನ್‌ಜಿ ತಗೊಳ್ಳಲಾ ಅಂತ ಕೇಳ್ತೀಯ. ದಿನಕ್ಕೆ ಇಪ್ಪತ್ತು ಕಿಲೋಮೀಟರಿಗೆ ಬೇಡ. ಎಂಬತ್ತು ತೊಂಬತ್ತು ಸಾವಿರ ಹೆಚ್ಚು ಕೊಟ್ಟದ್ದು ವಾಪಸ್ ಬರೋ ಹೊತ್ತಿಗೆ ದೊಡ್ಡವಳು ಹೈಸ್ಕೂಲಿನಲ್ಲಿರ್ತಾಳೆ, ಸ್ಟ್ರೋಲರ್ ಇಡೋ ಜಾಗವನ್ನೂ ಸಿಲಿಂಡರ್ ನುಂಗುತ್ತೆ. ಎಲೆಕ್ಟ್ರಿಕ್ ಆದ್ರೆ ನಿಜವಾಗಿ ಯೋಚಿಸಬಹುದು. ರಾತ್ರಿ ಮನೇಲಿ ಚಾರ್ಜು, ಹಗಲು ಊರೊಳಗೆ ಓಡಾಟ, ಎರಡನೇ ಕಾರಿಗೆ ಹೇಳಿ ಮಾಡಿಸಿದ್ದು. ಆದರೆ ನಿನ್ನ ಪಾರ್ಕಿಂಗಿಗೆ ನಿನ್ನ ಮೀಟರಿನಿಂದಲೇ ಹದಿನೈದು ಆಂಪಿಯರ್ ಪ್ಲಗ್ ಎಳೆಯೋಕೆ ಅಸೋಸಿಯೇಷನ್ನಿನೋರು ಒಪ್ಪಿರಬೇಕು, ಬರವಣಿಗೇಲಿ. ‘ಮಾಡಿಕೊಡ್ತೀವಿ ಸಾರ್’ ಅನ್ನೋದು ಒಪ್ಪಿಗೆ ಅಲ್ಲ. ಮುದ್ದಾಗಿದೆ ಅಂತ ಎರಡೇ ಬಾಗಿಲಿನ ಕಾಮೆಟ್ ನೋಡ್ತಿದ್ದೀಯಂತೆ! ನಿದ್ದೆ ಹೋದ ಮಗೂನ ಮುಂದಿನ ಸೀಟು ಬಗ್ಗಿಸಿ ಹಿಂದಕ್ಕೆ ದಾಟಿಸೋದು ನಿನ್ನ ಸೊಂಟ ಅಲ್ಲ, ಅವಳ ಸೊಂಟ.

ಗಾಡಿ ಬಂದ ಮೇಲೆ ಗೀಚು ಬಿದ್ದೇ ಬೀಳುತ್ತೆ. ಎರಡು ಮೂರು ಸಾವಿರದ ಬಂಪರ್ ಗೀಚಿಗೆಲ್ಲ ಕ್ಲೇಮ್ ಹಾಕಬೇಡ. ಕ್ಲೇಮ್ ಇಲ್ಲದೆ ಹೋದ್ರೆ ಪ್ರೀಮಿಯಂ ರಿಯಾಯಿತಿ ಮೊದಲ ವರ್ಷ ಶೇ. 20ರಿಂದ ಶುರುವಾಗಿ 50ರವರೆಗೆ ಏರುತ್ತೆ, ಒಂದು ಕ್ಲೇಮಿಗೆ ಸೊನ್ನೆಗೆ ಇಳಿಯುತ್ತೆ. ಗಲ್ಲಿ ಮೆಕ್ಯಾನಿಕ್ ಹತ್ರ ಬಣ್ಣ ಹಚ್ಚಿಸು. ಅವಳ ಮುಂದೆ ಮುಖ ಮಾತ್ರ ಸಿಂಡರಿಸಬೇಡ. ಅದೇ ಬೇಸ್‌ಮೆಂಟಿನ ಅದೇ ಕಂಬಕ್ಕೆ ನೀನು ದೊಡ್ಡ ಗಾಡಿ ಉಜ್ಜಿದ್ದು, ‘ಯಾರೋ ಗೀಚಿ ಹೋಗಿದ್ದಾರೆ’ ಅಂತ ವಾಚ್‌ಮನ್ ಮೇಲೆ ರೇಗಿದ್ದು ಅವಳಿಗೆ ಗೊತ್ತು. ನನಗೂ ಹೇಳಿದ್ದಾಳೆ.