ಸಿಸೇರಿಯನ್ ಆದ ಬಾಣಂತಿಯ ಹೊಟ್ಟೆ ಸರಿಯಾಗಲು

ಅಡಿಕೆ, ಕಾಳುಮೆಣಸಿನ ವಿಷಯವನ್ನು ಈ ಸಲ ಬದಿಗಿಟ್ಟು ಬಾಣಂತಿಯ ಆರೋಗ್ಯದ ಒಂದು ಪಾಠವನ್ನು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ನೂರರಲ್ಲಿ ಸುಮಾರು 39 ಹೆರಿಗೆಗಳು ಸಿಸೇರಿಯನ್ ಶಸ್ತ್ರಕ್ರಿಯೆಯಿಂದ ಆದವು. ಹೀಗಿರುವಾಗ ಕಾಸರಗೋಡಿನ ನಮ್ಮ ಕುಟುಂಬಗಳಿಗೂ ಈ ವಿಷಯ ದೂರದ್ದಲ್ಲ. ಮಗು ಹುಟ್ಟಿದ ಸಂತೋಷದ ನಡುವೆಯೇ ತಾಯಿ ಹೊಟ್ಟೆ ಉಬ್ಬರಿಸಿ ನರಳುತ್ತಿರುತ್ತಾಳೆ. “ನೀರು ಕೊಡಬೇಡಿ, ಹೊಲಿಗೆ ಕೀವಾದೀತು”, “ಹಾಸಿಗೆಯಿಂದ ಏಳಬೇಡ ಮಗಳೇ” ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಎರಡು ಮಾತುಗಳಿಂದ ಆಕೆಯ ಕಷ್ಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕರುಳು ಏಕೆ ಸುಮ್ಮನಾಗುತ್ತದೆ?

ನಮ್ಮ ಕರುಳು ಅಲೆಯಂತೆ ಚಲಿಸುತ್ತಾ ಆಹಾರವನ್ನು ಮುಂದೆ ತಳ್ಳುತ್ತದೆ. ಹೊಟ್ಟೆಯನ್ನು ತೆರೆದು ಶಸ್ತ್ರಕ್ರಿಯೆ ಮಾಡಿದಾಗ ಈ ಚಲನೆ ಕೆಲಕಾಲ ನಿಧಾನವಾಗುತ್ತದೆ. ನೋವು ಕಡಿಮೆ ಮಾಡುವ ಕೆಲವು ಚುಚ್ಚುಮದ್ದುಗಳೂ ಮಲಗಿಯೇ ಇರುವುದೂ ಅದನ್ನು ಇನ್ನಷ್ಟು ತಡೆಯುತ್ತವೆ. ಸಣ್ಣ ಕರುಳು ಕೆಲವೇ ಗಂಟೆಗಳಲ್ಲಿ ಕೆಲಸ ಆರಂಭಿಸುತ್ತದೆ. ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕಾಗಬಹುದು. ಗಾಳಿ ಹೋಗುವುದು ಕರುಳು ಎಚ್ಚರಗೊಂಡ ಲಕ್ಷಣ. ಡಾಕ್ಟರು, ನರ್ಸು ಕೇಳಿದರೆ ನಾಚಿಕೆಪಡದೆ ಹೇಳಬೇಕು.

ಮೊದಲ ದಿನ ಏನು ಮಾಡಬೇಕು?

1. ನೀರು ಮತ್ತು ಆಹಾರ: ಗಾಳಿ ಹೋಗುವ ತನಕ ಉಪವಾಸ ಇರಿಸುವುದು ಹಿಂದಿನ ಪದ್ಧತಿ. ತೊಂದರೆಯಿಲ್ಲದ ಬಾಣಂತಿ ಕೆಲವು ಗಂಟೆಗಳೊಳಗೆ ನೀರು ಕುಡಿದು, ಹಸಿವಾದಾಗ ಲಘು ಆಹಾರ ತಿನ್ನಬಹುದು ಎಂದು ಈಗ ತಿಳಿದುಬಂದಿದೆ. ಡಾಕ್ಟರರ ಒಪ್ಪಿಗೆ ಪಡೆದು ಗುಟುಕು ಗುಟುಕಾಗಿ ನೀರು, ಅನಂತರ ತೆಳು ಗಂಜಿ ಕೊಡಿ.

2. ಜಗಿಯುವುದು: ಕಾಯಿಲೆ ಬಿದ್ದ ದನ ಮತ್ತೆ ಮೆಲುಕು ಹಾಕಿದರೆ ಹಟ್ಟಿಯಲ್ಲಿ ನಮಗೆ ಧೈರ್ಯ ಬರುತ್ತದೆ. ಮನುಷ್ಯರಲ್ಲಿಯೂ ಜಗಿಯುವುದಕ್ಕೂ ಕರುಳಿಗೂ ನಂಟಿದೆ. ಚೂಯಿಂಗ್ ಗಮ್ ಜಗಿದ ಸಿಸೇರಿಯನ್ ತಾಯಂದಿರಿಗೆ ಸರಾಸರಿ ಏಳು ಗಂಟೆ ಬೇಗ ಗಾಳಿ ಹೋಯಿತೆಂದು 2016ರ ಕಾಕ್ರೇನ್ ವಿಮರ್ಶೆ ತಿಳಿಸಿತು. ಪುರಾವೆ ಅಷ್ಟು ಗಟ್ಟಿಯಲ್ಲ. ಆದರೂ ಖರ್ಚಿಲ್ಲದ ಉಪಾಯ. ಡಾಕ್ಟರರನ್ನು ಕೇಳಿ ಮಾಡಬಹುದು.

3. ಏಳುವುದು: ಕಾಲಿನ ಮರಗಟ್ಟುವಿಕೆ ಪೂರ್ತಿ ಹೋದ ಮೇಲೆ, ಒಬ್ಬರ ಆಸರೆಯಲ್ಲಿ ಏಳಬೇಕು. ಮೊದಲು ಮಗ್ಗುಲಿಗೆ ಹೊರಳಿ, ಕೈಯೂರಿ ಕುಳಿತು, ಸ್ವಲ್ಪ ಹೊತ್ತಾದ ಮೇಲೆ ನಿಲ್ಲಬೇಕು. ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಲಿ. ನಾಲ್ಕು ಹೆಜ್ಜೆ ನಡೆದರೂ ಒಳ್ಳೆಯದೇ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆಯೂ ಅದು ಕಾಪಾಡುತ್ತದೆ.

ಮನೆಗೆ ಬಂದ ಮೇಲೆ

ಮಲವಿಸರ್ಜನೆಗೆ ಮೂರು ನಾಲ್ಕು ದಿನ ಹಿಡಿಯಬಹುದು. ಹೊಟ್ಟೆ ಮೆತ್ತಗಿದ್ದು, ಗಾಳಿ ಹೋಗುತ್ತಾ, ಊಟ ಸೇರುತ್ತಿದ್ದರೆ ಗಾಬರಿ ಬೇಡ. ಹಾಲುಣಿಸುವ ತಾಯಿಗೆ ಹೆಚ್ಚು ನೀರು ಬೇಕು. ಪ್ರತಿ ಸಲ ಮಗುವಿಗೆ ಹಾಲು ಕೊಡುವಾಗ ಒಂದು ಲೋಟ ನೀರು ಹತ್ತಿರ ಇಡಿ. ಬರೀ ಗಂಜಿ, ಉಪ್ಪಿನ ಒಣ ಪಥ್ಯ ಸಾಲದು. ನಮ್ಮ ಹಿತ್ತಿಲಿನ ಹರಿವೆ, ಬಸಳೆ, ಹೆಸರುಕಾಳು, ಮಾಗಿದ ಪಪ್ಪಾಯಿ ಕೊಡಿ.

ಹೆರಿಗೆಯ ನಂತರ 180 ದಿನ ಕಬ್ಬಿಣದ ಮಾತ್ರೆ ಕೊಡುವುದು ಸರಕಾರದ ಕ್ರಮ. ಇದರಿಂದ ಮಲ ಕಪ್ಪಾಗಬಹುದು, ಗಟ್ಟಿಯಾಗಬಹುದು. ಹಾಗೆಂದು ಮಾತ್ರೆ ಬಿಡಬಾರದು, ಡಾಕ್ಟರರಿಗೆ ತಿಳಿಸಿ. ಕಕ್ಕಸಿನಲ್ಲಿ ಮುಕ್ಕಬಾರದು. ಹರಳೆಣ್ಣೆಯನ್ನಾಗಲಿ ಭೇದಿಮದ್ದನ್ನಾಗಲಿ ನೀವಾಗಿ ಕುಡಿಸಬೇಡಿ.

ತಡಮಾಡಬಾರದ ಲಕ್ಷಣಗಳು

ಹೊಟ್ಟೆ ಬಿಗಿಯಾಗಿ ಉಬ್ಬುತ್ತಲೇ ಹೋಗುವುದು, ಮತ್ತೆ ಮತ್ತೆ ವಾಂತಿ, ಗಾಳಿಯೂ ಹೋಗದಿರುವುದು, ಹೆಚ್ಚುವ ನೋವು, ಜ್ವರ, ಹೊಲಿಗೆಯಲ್ಲಿ ಕೀವು. ಇವುಗಳಲ್ಲಿ ಒಂದು ಕಂಡರೂ “ವಾಯು ಇರಬೇಕು” ಎಂದು ಕಷಾಯ ಕುಡಿಸುತ್ತಾ ಕಾಯಬೇಡಿ. ದೊಡ್ಡ ಕರುಳು ತಡೆಯೇನೂ ಇಲ್ಲದೆಯೇ ಉಬ್ಬುವ ಕಾಯಿಲೆಯೊಂದಿದೆ. ಅದನ್ನು 1948ರಲ್ಲಿ ವಿವರಿಸಿದ ಶಸ್ತ್ರವೈದ್ಯ ಓಗಿಲ್ವಿಯವರ ಹೆಸರಿನಿಂದಲೇ ಕರೆಯುತ್ತಾರೆ. ಇದು ಅಪರೂಪ, ಆದರೆ ಸಿಸೇರಿಯನ್ ನಂತರವೂ ಬರುತ್ತದೆ. ತಡವಾದರೆ ಕರುಳು ಒಡೆದು ಜೀವಕ್ಕೇ ಅಪಾಯ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಮನೆಯವರ ಪಾಲು

ಆರು ವಾರ ಆಕೆ ಮಗುವಿಗಿಂತ ಭಾರವಾದುದನ್ನು ಎತ್ತಬಾರದು. ಕೊಡಪಾನ, ಹುಲ್ಲಿನ ಹೊರೆ, ಅಡಿಕೆಯ ಬುಟ್ಟಿ ಗಂಡನಿಗೂ ಮೈದುನನಿಗೂ ಸೇರಲಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ, ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಿಗೆ ಏಳು ದಿನದವರೆಗೆ ಉಚಿತ ಆಹಾರದ ಹಕ್ಕಿದೆ. ಕೇಳಿ ಪಡೆಯಿರಿ.

ವಾಳೆಯ ಸಭೆಯಲ್ಲಿ ಚರ್ಚಿಸಲು

1. ನಮ್ಮ ಮನೆಯ ಬಾಣಂತಿಗೆ ಬಾಯಾರಿದಾಗ ನೀರು ಸಿಗುತ್ತದೆಯೇ?
2. ಆಕೆಯ ಹಟ್ಟಿಯ ಕೆಲಸವನ್ನು ಆರು ವಾರ ಯಾರು ಮಾಡುತ್ತಾರೆ?
3. ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಯಾರ ವಾಹನ ಬರುತ್ತದೆ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಹೆರಿಗೆಗೆ ಮೊದಲೇ ಗೊತ್ತುಮಾಡಿಟ್ಟುಕೊಳ್ಳೋಣ.